ಇಳಿಸಿದ್ದು ಯಾರು?

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯಲ್ಲಿ ವಾರಕ್ಕೆ ಏಳು ದಿನ ಇರುವುದಿಲ್ಲ. ಸೋಮ, ಬುಧ, ಶುಕ್ರ ಇರುತ್ತವೆ. ಇಲ್ಲವೇ ಮಂಗಳ, ಗುರು, ಶನಿ. ಉಳಿದವೆಲ್ಲ ಇವುಗಳ ನಡುವಿನ ಸಂದು. ನಮ್ಮ ಅಪ್ಪಯ್ಯನದು ಸೋಮ–ಬುಧ–ಶುಕ್ರದ ಬ್ಯಾಚು. ಬೆಳಿಗ್ಗೆ ಆರೂವರೆಯ ಪಾಳಿ, ನಾಲ್ಕು ಗಂಟೆ. ಸೋಮದಿಂದ ಬುಧಕ್ಕೆ ಎರಡು ದಿನ, ಬುಧದಿಂದ ಶುಕ್ರಕ್ಕೆ ಎರಡು ದಿನ, ಶುಕ್ರದಿಂದ ಸೋಮಕ್ಕೆ ಮಾತ್ರ ಮೂರು. ಆ ಒಂದು ದಿನದ ಹೆಚ್ಚುವರಿಯಲ್ಲಿ ಮೈಯಲ್ಲಿ ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಏರುತ್ತದೆ, ಸೋಮವಾರ ತೂಕದ ಯಂತ್ರದ ಮೇಲೆ ನಿಂತಾಗ ಎರಡೂವರೆ ಕಿಲೋ ಜಾಸ್ತಿ ತೋರಿಸುತ್ತದೆ. ಅಮೆರಿಕದ 32 ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ದಾಖಲೆ ನೋಡಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಹೇಳಿದ್ದೂ ಇದನ್ನೇ: ಈ ಉದ್ದದ ಸಂದು ಮುಗಿಯುವ ದಿನ ಸಾವೂ ಹೆಚ್ಚು, ಹೃದಯದ ತೊಂದರೆಗೆ ಆಸ್ಪತ್ರೆ ಸೇರುವುದೂ ಹೆಚ್ಚು. ಹಾಗಾಗಿ ಬುಧವಾರ ಅರ್ಧ ಗಂಟೆ ತಡವಾದರೆ ಆಸ್ಪತ್ರೆಯ ನರ್ಸ್ ಬಯ್ಯುತ್ತಾರೆ. ಸೋಮವಾರ ತಡವಾದರೆ ಅವರು ಬಯ್ಯುವುದಿಲ್ಲ, ಸುಮ್ಮನೆ ಬೇಗಬೇಗ ಸೂಜಿ ಚುಚ್ಚಲು ಶುರುಮಾಡುತ್ತಾರೆ. ಅದು ಇನ್ನೂ ಕೆಟ್ಟದ್ದು.

ಕಳೆದ ಮಳೆಗಾಲದಲ್ಲಿ ನಮ್ಮ ಕಾರು ಸ್ಟಾರ್ಟ್ ಆಗದೆ ನಿಂತದ್ದು ನಾಲ್ಕು ಸಲ. ನಾಲ್ಕೂ ಸೋಮವಾರ.

ಇರುವುದು ಡೊಂಬಿವಲಿ ಪೂರ್ವದಲ್ಲಿ. ಡಯಾಲಿಸಿಸ್‌ಗೆ ಬೆಳಗಿನ ಪಾಳಿ ಸಿಕ್ಕಿದ್ದು ನವಿ ಮುಂಬೈಯಲ್ಲಿ, ಮಹಾಪೆಯಿಂದ ಆಚೆ. ಕಲ್ಯಾಣ್–ಶೀಳ್ ರಸ್ತೆ ಹಿಡಿದು, ಶೀಳ್ ಫಾಟಾ ದಾಟಿ, ಗುಡ್ಡ ಇಳಿದು ಹೋಗಬೇಕು. ಬೆಳಿಗ್ಗೆ ಐದೂಕಾಲಿಗೆ ಹೊರಟರೆ ಸಲೀಸು, ಆರು ಗಂಟೆಗೆ ಹೊರಟರೆ ಶೀಳ್ ಫಾಟಾದಲ್ಲಿ ಟ್ರಕ್ಕುಗಳ ಸಾಲಿಗೆ ಸಿಕ್ಕಿಬೀಳುವುದೇ. ಡೊಂಬಿವಲಿಯವರಿಗೆ ಕಾರು ಅಭ್ಯಾಸವಲ್ಲ. ಇಲ್ಲಿ ಕಾಲು ಎಂದರೆ ಲೋಕಲ್ ಟ್ರೇನು. ಅಪ್ಪಯ್ಯ ಮೂವತ್ತು ಚಿಲ್ಲರೆ ವರ್ಷ ಠಾಣೆ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು. ಅಷ್ಟೂ ವರ್ಷ ಬಾಗಿಲ ಕಂಬಿ ಹಿಡಿದು ನಿಂತೇ ಹೋದವರು. 2020ರ ಮಾರ್ಚಿನಲ್ಲಿ ಲೋಕಲ್ ನಿಂತು, ತಿಂಗಳುಗಟ್ಟಲೆ ಸಾಮಾನ್ಯ ಜನರಿಗೆ ಬಾಗಿಲು ಮುಚ್ಚಿದಾಗ, ಇದ್ದ ಉಳಿತಾಯದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಚಿಕ್ಕ ಪೆಟ್ರೋಲ್ ಕಾರು ಕೊಂಡೆವು. ಎಂಎಚ್-05, ಅಂದರೆ ಕಲ್ಯಾಣ್ ಆರ್‌ಟಿಓ ನಂಬರು. ಟ್ರೇನು ಮತ್ತೆ ಶುರುವಾದ ಮೇಲೆ ಅದು ಸೊಸೈಟಿಯ ಪಾರ್ಕಿಂಗಿನಲ್ಲಿ ಪಾರಿವಾಳಗಳ ಆಸ್ತಿಯಾಯಿತು. ಅಪ್ಪಯ್ಯನ ಕಿಡ್ನಿ ಕೈಕೊಟ್ಟ ಮೇಲೆ ಪುನಃ ನಮ್ಮದಾಯಿತು.

ಮೊದಲ ಸೋಮವಾರ ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹತ್ತಿದವು, ಸೆಲ್ಫ್ ಮಾತ್ರ ಒಮ್ಮೆ ನರಳಿ ಟಕ್ ಟಕ್ ಎಂದು ಸುಮ್ಮನಾಯಿತು. ಪಕ್ಕದ ಕಟ್ಟಡದ ಕಾಕಾ ತಮ್ಮ ಕಾರು ತಂದು ಜಂಪರ್ ಹಾಕಿದರು. ಎರಡನೆಯ ಸೋಮವಾರವೂ ಅದೇ ಕಾಕಾ. ಮೂರನೆಯ ಸೋಮವಾರ ಕಾಕಾ ಊರಲ್ಲಿರಲಿಲ್ಲ. ಆ್ಯಪ್‌ನ ಟ್ಯಾಕ್ಸಿ ಮೂರು ಸಲ ಬಂದಂತೆ ಮಾಡಿ ಕ್ಯಾನ್ಸಲ್ ಆಯಿತು. ಕೊನೆಗೆ ಒಂದು ರಿಕ್ಷಾದಲ್ಲಿ, ಮಳೆಗೆ ಪ್ಲಾಸ್ಟಿಕ್ ಪರದೆ ಹಿಡಿದುಕೊಂಡು ಹೋದೆವು. ಐವತ್ತು ನಿಮಿಷ ತಡ. ಹನ್ನೊಂದಕ್ಕೆ ಅದೇ ಯಂತ್ರಕ್ಕೆ ಇನ್ನೊಬ್ಬರು ಬರುವವರಿದ್ದರು, ಅವರ ನಾಲ್ಕು ಗಂಟೆಯನ್ನು ಕೀಳುವ ಹಾಗಿಲ್ಲ. ಅಪ್ಪಯ್ಯನಿಗೆ ಸಿಕ್ಕಿದ್ದು ಮೂರು ಗಂಟೆ ಚಿಲ್ಲರೆ. ಆ ರಾತ್ರಿ ಅವರು ಮಲಗಲಿಲ್ಲ, ದಿಂಬಿಗೆ ಒರಗಿ ಕೂತೇ ಇದ್ದರು. ಉಸಿರು ಎಣಿಸುತ್ತ ಪಕ್ಕದಲ್ಲಿ ಕೂತ ನನಗೆ ಕಾರಿನ ವಿಷಯ ಕಾರಿನದಾಗಿ ಉಳಿಯಲಿಲ್ಲ.

ಗ್ಯಾರೇಜಿನವರು ಮೊದಲು ಹೇಳಿದ್ದು ಬ್ಯಾಟರಿ ಹಳೆಯದು ಎಂದು. ಹೊಸ 35 ಆಂಪಿಯರ್-ಅವರ್ ಬ್ಯಾಟರಿ ಬಂತು. ನಾಲ್ಕನೆಯ ಸೋಮವಾರ ಅದೂ ನರಳಿತು. ಆಮೇಲೆ ಹೇಳಿದ್ದು ಆಲ್ಟರ್ನೇಟರ್ ಹೋಗಿದೆ, ಬದಲಿಸೋಣ ಎಂದು. ಬ್ಯಾಟರಿ ಕೊಟ್ಟ ಅಂಗಡಿಯವರು ಅವರ ಟೆಸ್ಟರ್ ಹಚ್ಚಿ, ಬ್ಯಾಟರಿಯಲ್ಲಿ ಏನೂ ದೋಷವಿಲ್ಲ, ನೀವು ಗಾಡಿ ಓಡಿಸುವುದು ಸಾಲದು ಎಂದರು. ಮೂರು ಮಾತೂ ಸುಳ್ಳಲ್ಲ. ಬ್ಯಾಟರಿಗೆ ವಯಸ್ಸಾಗುತ್ತದೆ, ಆಲ್ಟರ್ನೇಟರ್ ಹಾಳಾಗುತ್ತದೆ, ನಿಂತ ಕಾರು ಸೊರಗುತ್ತದೆ. ಆದರೆ ಇವು ಯಾವುವೂ ಸೋಮವಾರವನ್ನು ವಿವರಿಸುವುದಿಲ್ಲ.

ಇಲ್ಲಿ ನನ್ನ ಓದಿನ ಒಂದು ಚಟವನ್ನು ನೀವು ಸಹಿಸಿಕೊಳ್ಳಬೇಕು. ಕನ್ನಡದಲ್ಲಿ ಬ್ಯಾಟರಿ ಇಳಿಯುತ್ತದೆ. ಜ್ವರವೂ ಇಳಿಯುತ್ತದೆ, ಅಮಲೂ ಇಳಿಯುತ್ತದೆ, ಹೊಳೆಯ ನೀರೂ ಇಳಿಯುತ್ತದೆ. ಮರಾಠಿಯಲ್ಲಿಯೂ ಬ್ಯಾಟರಿ ‘ಉತರ್ಲಿ’, ಇಳಿದಳು. ಮುಂಬೈ ಹಿಂದಿಯಲ್ಲಿ ‘ಬೈಠ್ ಗಯೀ’, ಕೂತುಬಿಟ್ಟಳು. ಎಲ್ಲವೂ ಅಕರ್ಮಕ ಕ್ರಿಯಾಪದಗಳು. ಮಾಡಿದವರು ಯಾರೂ ಇಲ್ಲ, ತಾನಾಗಿ ಆಯಿತು. ಹೀಗೆ ಹೇಳುವ ಭಾಷೆಯಲ್ಲಿ ಬ್ಯಾಟರಿಯ ಮೇಲೇ ಅನುಮಾನ ಬರುವುದು ಸಹಜ. ಆದರೆ ಇದೇ ಕ್ರಿಯಾಪದಕ್ಕೆ ಒಂದು ‘ಇಸು’ ಹಚ್ಚಿ ನೋಡಿ. ಇಳಿ, ಇಳಿಸು. ತಕ್ಷಣ ವಾಕ್ಯಕ್ಕೆ ಒಬ್ಬ ಕರ್ತೃ ಬೇಕಾಗುತ್ತಾನೆ. ಬ್ಯಾಟರಿ ಇಳಿಯಿತು, ಸರಿ. ಇಳಿಸಿದ್ದು ಯಾರು?

ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ಯಾರಾಸಿಟಿಕ್ ಡ್ರೇನ್’ ಎನ್ನುತ್ತಾರೆ. ಯಂತ್ರಗಳ ಕೈಪಿಡಿ ಅನುವಾದಿಸಿ ಹೊಟ್ಟೆ ಹೊರೆಯುವವರಿಗೆ ಇಂಥ ಪದ ಬಂದಾಗ ‘ಪರಾವಲಂಬಿ ಸೋರಿಕೆ’ ಎಂದು ಬರೆದು ಮುಂದೆ ಹೋಗುವ ಆಸೆಯಾಗುತ್ತದೆ. ಆದರೆ ಸೋರಿಕೆ ಎಂದರೆ ತೂತು, ಯಾರ ಉಪಯೋಗಕ್ಕೂ ಬಾರದೆ ಹರಿದುಹೋಗುವುದು. ಕಾರಿನಲ್ಲಿ ಹೆಚ್ಚಾಗಿ ನಡೆಯುವುದು ಅದಲ್ಲ. ಯಾವುದೋ ಒಂದು ಉಪಕರಣ ಮಲಗಬೇಕಾದ ಹೊತ್ತಿನಲ್ಲಿ ಎಚ್ಚರವಾಗಿದ್ದು ತನ್ನ ಕೆಲಸ ತಾನು ಮಾಡುತ್ತಿರುತ್ತದೆ. ಮಾವಿನ ಮರದ ಕೊಂಬೆಗೆ ಬೇರೂರಿ ತಾನು ಹಸಿರಾಗಿರುವ ಬಂದಳಿಕೆಯ ಹಾಗೆ. ನನಗೆ ಕೇಳಿದರೆ ‘ಬಂದಳಿಕೆ ಕರೆಂಟು’ ಒಳ್ಳೆಯ ಪದ. ಯಾವ ಏಜೆನ್ಸಿಯೂ ಒಪ್ಪುವುದಿಲ್ಲ, ಬಿಡಿ.

ಕಾರು ಪೂರ್ತಿ ಬಂದ್ ಆಗಿದ್ದಾಗಲೂ ಒಂದಿಷ್ಟು ಕರೆಂಟು ಹರಿಯಲೇಬೇಕು. ಗಡಿಯಾರ, ರಿಮೋಟ್ ಲಾಕ್, ಎಂಜಿನ್ ಕಂಪ್ಯೂಟರಿನ ನೆನಪು ಎಲ್ಲವೂ ಅದರ ಮೇಲೆಯೇ ನಿಂತಿವೆ. ಸಾಧಾರಣವಾಗಿ ಇದು 20ರಿಂದ 50 ಮಿಲಿಆಂಪಿಯರ್. ಅದಕ್ಕಿಂತ ಮೇಲೆ ಹೋದರೆ ಹುಡುಕಬೇಕು. ಹುಡುಕುವ ಸಾಧನ ಒಂದು ಮಲ್ಟಿಮೀಟರು. ಡೊಂಬಿವಲಿ ಸ್ಟೇಷನ್ ಪಕ್ಕದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐನೂರು ರೂಪಾಯಿಯೊಳಗೆ ಸಿಕ್ಕಿತು.

ಮೊದಲು ವೋಲ್ಟೇಜು. ಪೂರ್ತಿ ತುಂಬಿ, ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಹೋಯಿತೆಂದರೆ ಹೆಚ್ಚುಕಡಿಮೆ ಮುಗಿದಂತೆ. ಹೆಸರಿಗೆ ಹನ್ನೆರಡು ವೋಲ್ಟಿನ ಬ್ಯಾಟರಿ, ಆದರೆ ಹನ್ನೆರಡು ಬಂದರೆ ಸತ್ತಿದೆ! ನಮ್ಮದು ಶುಕ್ರವಾರ ರಾತ್ರಿ 12.48, ಸೋಮವಾರ ಬೆಳಿಗ್ಗೆ 11.96. ಎಂಜಿನ್ ಓಡುವಾಗ ಟರ್ಮಿನಲ್ ಮೇಲೆ 14.2 ಬರುತ್ತಿತ್ತು, ಅಂದರೆ ಆಲ್ಟರ್ನೇಟರ್ ತನ್ನ ಪಾಲಿನ ಕೆಲಸ ಮಾಡುತ್ತಿದೆ. ಸಾವಿರಾರು ರೂಪಾಯಿಯ ಒಂದು ದುರಸ್ತಿ ಅಲ್ಲಿಗೇ ತಪ್ಪಿತು.

ಆಮೇಲೆ ಕರೆಂಟು. ಒಂದು ಶನಿವಾರ ಸಂಜೆ ಮಳೆ ಹೊಳವಾದ ಹೊತ್ತು ನೋಡಿ ಪಾರ್ಕಿಂಗಿಗೆ ಇಳಿದೆ. ಅಪ್ಪಯ್ಯನೂ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕ್ರಮ ಹೀಗೆ. ಎಲ್ಲ ಆಫ್ ಮಾಡಿ, ಕೀ ತೆಗೆದು ಮನೆಯೊಳಗೆ ಇಡಬೇಕು. ಫ್ಯೂಸ್ ಡಬ್ಬಿ ಸ್ಟಿಯರಿಂಗ್ ಕೆಳಗಿರುವುದರಿಂದ ಬಾಗಿಲು ತೆರೆದೇ ಇರಬೇಕು. ಆದರೆ ಕಾರಿಗೆ ಬಾಗಿಲು ಮುಚ್ಚಿದೆ ಎನ್ನಿಸಬೇಕು, ಅದಕ್ಕೆ ಬಾಗಿಲ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ಕೂರಿಸಬೇಕು. ಮೀಟರಿನ ಕೆಂಪು ವೈರನ್ನು 10 ಆಂಪಿಯರಿನ ತೂತಿಗೆ ಹಾಕಿ, ಹತ್ತು ನಂಬರ್ ಪಾನಾದಿಂದ ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಟರ್ಮಿನಲ್ ನಡುವೆ ಮೀಟರನ್ನು ಸೇತುವೆಯ ಹಾಗೆ ಇಡಬೇಕು. ಈಗ ಕಾರಿಗೆ ಹೋಗುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು. ಈ ಸ್ಥಿತಿಯಲ್ಲಿ ಕೀ ಹಾಕಿ ಸ್ಟಾರ್ಟ್ ಮಾಡಲು ಹೋದರೆ ಸೆಲ್ಫ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆದು ಮೀಟರಿನ ಫ್ಯೂಸು ಸುಡುತ್ತದೆ.

ಕೇಬಲ್ ಹೀಗೆ ಪುನಃ ಜೋಡಿಸಿದ ಕೂಡಲೇ ಕಾರಿನ ಕಂಪ್ಯೂಟರುಗಳು ಎಚ್ಚರಗೊಳ್ಳುತ್ತವೆ. ಮೀಟರು ಎರಡು ಆಂಪಿಯರ್ ಚಿಲ್ಲರೆ ತೋರಿಸಿತು. ಗಾಬರಿಯಾಗಬಾರದು, ಮಗುವನ್ನು ಮಲಗಿಸಿದ ಹಾಗೆ ಕಾಯಬೇಕು. ಹತ್ತು ನಿಮಿಷಕ್ಕೆ ಅರ್ಧ ಆಂಪಿಯರಿಗೆ ಬಂತು. ಅರ್ಧ ಗಂಟೆಯ ಹೊತ್ತಿಗೆ 0.21ರಲ್ಲಿ ನಿಂತಿತು. ಅಲ್ಲಿಂದ ಕೆಳಗೆ ಇಳಿಯಲಿಲ್ಲ.

“ಕರೆಂಟ್ ಇತ್ತಾ?” ಎಂದು ಅಪ್ಪಯ್ಯ ಕೇಳಿದರು.

“ಇತ್ತ್” ಎಂದೆ.

ಬೆಂಗಳೂರಿನ ಓದುಗರಿಗೆ ಇದು ಭೂತಕಾಲವಾಗಿ ಕೇಳಿಸುತ್ತದೆ. ಕುಂದಾಪುರದ ಕನ್ನಡದಲ್ಲಿ ‘ಇತ್ತ್’ ಎಂದರೆ ಈಗ, ಈ ಕ್ಷಣ ಇದೆ. ಆ ಸಂಜೆ ಅದು ಸರಿಯಾದ ಪದವೇ ಆಗಿತ್ತು.

0.21 ಆಂಪಿಯರ್ ನೋಡಲು ಏನೂ ಅಲ್ಲ. ದಿನದ ಇಪ್ಪತ್ತನಾಲ್ಕು ಗಂಟೆಗೆ ಗುಣಿಸಿದರೆ 5 ಆಂಪಿಯರ್-ಅವರ್. ಎರಡು ದಿನಕ್ಕೆ 10, ಮೂರು ದಿನಕ್ಕೆ 15. ಬ್ಯಾಟರಿ ಹೊಸದಾಗಿದ್ದು ಪೂರ್ತಿ ತುಂಬಿದ್ದರೆ 35. ಹೋಗಿಬರುವ ಎರಡು ಗಂಟೆಯಲ್ಲಿ ಆಲ್ಟರ್ನೇಟರ್ ಎರಡು ದಿನದ ಸಾಲವನ್ನು ಹೇಗೋ ತೀರಿಸುತ್ತಿತ್ತು. ಅದೂ ಮಳೆಗಾಲ, ಹೆಡ್‌ಲೈಟು, ವೈಪರು, ಗಾಜಿನ ಮಂಜಿಗೆ ಎಸಿ, ಶೀಳ್ ಫಾಟಾದಲ್ಲಿ ನಿಂತಲ್ಲೇ ಗುರುಗುಟ್ಟುವುದು ಬೇರೆ, ತುಂಬುವುದು ಕಡಿಮೆ. ಮೂರನೆಯ ದಿನದ ಸಾಲ ಪ್ರತಿ ವಾರ ಬಾಕಿ ಉಳಿಯುತ್ತ ಬಂದಿತ್ತು. ಸೀಸದ ಬ್ಯಾಟರಿ ಹೀಗೆ ಅರೆಹೊಟ್ಟೆಯಲ್ಲಿ ಬಿದ್ದಿದ್ದರೆ ಅದರ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ, 35 ನಿಜದಲ್ಲಿ 35 ಆಗಿ ಉಳಿಯುವುದಿಲ್ಲ. ಗಸ್ಟನ್ ಪ್ಲಾಂಟೆ 1859ರಲ್ಲಿ ಇಂಥ ಮೊದಲ ಬ್ಯಾಟರಿ ಮಾಡಿದಂದಿನಿಂದ ಅದರ ಹಣೆಬರಹ ಇದೇ: ಖಾಲಿ ಬಿಟ್ಟರೆ ಕೆಡುತ್ತದೆ. ಸೋಮವಾರದ ಗುಟ್ಟು ಅಷ್ಟೇ. ಅಪ್ಪಯ್ಯನ ಮೈಯಲ್ಲಿ ಮೂರು ದಿನ ಏನು ತುಂಬುತ್ತಿತ್ತೋ ಕಾರಿನಲ್ಲಿ ಅಷ್ಟೇ ದಿನ ಖಾಲಿಯಾಗುತ್ತಿತ್ತು.

ಇನ್ನು ಯಾರು ಎಂಬ ಪ್ರಶ್ನೆ. ಭಾಷಾಶಾಸ್ತ್ರದ ಮೊದಲ ವರ್ಷದಲ್ಲಿ ಒಂದು ಪರೀಕ್ಷೆ ಕಲಿಸುತ್ತಾರೆ. ಕಾಲು, ಹಾಲು, ಸಾಲು, ಪಾಲು: ಒಂದೇ ಒಂದು ಧ್ವನಿ ಬದಲಿಸು, ಉಳಿದದ್ದನ್ನು ಮುಟ್ಟಬೇಡ, ಅರ್ಥ ಬದಲಾಗುತ್ತದೆಯೇ ನೋಡು. ಫ್ಯೂಸ್ ಕೀಳುವುದೂ ಅದೇ. ಒಂದು ಕೀಳು, ಮೀಟರು ನೋಡು, ವಾಪಸ್ ಹಾಕು, ಮುಂದಿನದಕ್ಕೆ ಹೋಗು. ಎರಡನ್ನು ಒಟ್ಟಿಗೆ ಕಿತ್ತರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ನಾನು ಕೆಳಗೆ ಬಗ್ಗಿ ಕೀಳುವುದು, ಅಪ್ಪಯ್ಯ ಬಾನೆಟ್ ಪಕ್ಕ ಕೂತು ಅಂಕಿ ಓದುವುದು. ಗಲ್ಲಾದ ಮೇಲೆ ಕೂತವರ ದನಿ, ಬಿಲ್ಲು ಕೂಗಿದ ಹಾಗೆ: ಇಪ್ಪತ್ತೊಂದು, ಇಪ್ಪತ್ತೊಂದು, ಇಪ್ಪತ್ತೊಂದು. ಹಾರ್ನ್, ವೈಪರ್, ಬ್ರೇಕ್ ಲೈಟ್ ಎಲ್ಲ ನಿರಪರಾಧಿಗಳು. ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ದನಿ ಬದಲಾಯಿತು. “ಹನ್ನೊಂದ್!”

ಅದು ಮ್ಯೂಸಿಕ್ ಸಿಸ್ಟಮಿನ ಫ್ಯೂಸು. ಅಪ್ಪಯ್ಯನ ಮುಖ ಸಣ್ಣದಾಯಿತು. ಏಪ್ರಿಲಿನಲ್ಲಿ ಅವರಿಗಾಗಿಯೇ ಹಾಕಿಸಿದ್ದು ಅದು. ಬೆಳಗಿನ ಜಾವದ ಆ ದಾರಿಯಲ್ಲಿ ಪೆನ್ ಡ್ರೈವಿನಿಂದ ಕಾಳಿಂಗ ನಾವಡರ ಭಾಗವತಿಕೆ ಕೇಳುತ್ತ ಹೋಗುತ್ತಾರೆ. ತೋಳಿಗೆ ಚುಚ್ಚುವ ದಪ್ಪ ಸೂಜಿಗಳ ವಿಷಯ ಆ ಹೊತ್ತಿನಲ್ಲಿ ಮಾತಾಡುವುದಿಲ್ಲ.

ಸ್ಟೀರಿಯೋ ಬಿಚ್ಚಿ ಹಿಂದೆ ನೋಡಿದರೆ ವಿಷಯ ಸರಳ. ಇವಕ್ಕೆ ಎರಡು ಪ್ಲಸ್ ವೈರು ಇರುತ್ತವೆ. ಹಳದಿಯದು ಸದಾ ಕರೆಂಟು ಇರುವ ಕಡೆಗೆ, ಸಮಯ ಮತ್ತು ನೆನಪು ಉಳಿಸಿಕೊಳ್ಳಲು. ಕೆಂಪಿನದು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಕಡೆಗೆ, ಏಳು ಎಂದು ಹೇಳಲು. ಹಾಕಿಕೊಟ್ಟ ಅಂಗಡಿಯ ಹುಡುಗ ಎರಡನ್ನೂ ಒಟ್ಟಿಗೆ ಹೊಸೆದು ಸದಾ ಕರೆಂಟಿನ ವೈರಿಗೆ ಸುತ್ತಿ ಟೇಪು ಹಾಕಿದ್ದ. ಹಾಗೆ ಮಾಡಿದರೆ ಒಂದು ವೈರು ಹುಡುಕುವ ಕೆಲಸ ಉಳಿಯುತ್ತದೆ, ಐದು ನಿಮಿಷ. ಗುಂಡಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಒಳಗೆ ಸ್ಟೀರಿಯೋ ಮಾತ್ರ ಇಪ್ಪತ್ತನಾಲ್ಕು ಗಂಟೆಯೂ ಏಳು ಎಂಬ ಕರೆ ಕೇಳುತ್ತಲೇ ಇರುತ್ತದೆ. ಹೊರಗಿನಿಂದ ಇಂಥದ್ದು ಕಾಣುವುದಿಲ್ಲ. ನಿಮ್ಮ ಕಾರಿಗೂ ಹೊರಗೆ ಸ್ಟೀರಿಯೋ ಹಾಕಿಸಿದ್ದರೆ ಒಂದು ಸಲ ನೋಡಿ: ಕೀ ತೆಗೆದ ಮೇಲೂ ಗುಂಡಿ ಒತ್ತಿದರೆ ಹಾಡಿದರೆ, ಇದೇ ಕತೆ ಇರಬಹುದು.

ಆದರೆ 0.11 ಇನ್ನೂ ಉಳಿದಿತ್ತು. ಡಬ್ಬಿಯ ಉಳಿದ ಫ್ಯೂಸು ಒಂದೊಂದಾಗಿ ನೋಡಿ ಮುಗಿಯಿತು. ಎಂಜಿನ್ ಪಕ್ಕದ ಡಬ್ಬಿಯಲ್ಲಿ ಬೋಲ್ಟು ಹಾಕಿದ ದೊಡ್ಡ ಫ್ಯೂಸುಗಳನ್ನು ಬಿಟ್ಟು ಮಿಕ್ಕವೂ ಮುಗಿದವು. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಕಿತ್ತು ತಟ್ಟೆಯಲ್ಲಿ ಹಾಕಿದಾಗಲೂ ಮೀಟರು 0.09 ತೋರಿಸಿತು. ಇದು ಭಯ ಹುಟ್ಟಿಸುವ ಅಂಕಿ. ಫ್ಯೂಸುಗಳನ್ನೆಲ್ಲ ಕಿತ್ತ ಮೇಲೂ ಕರೆಂಟು ಹೋಗುತ್ತಿದೆ ಎಂದರೆ ಅದು ಲೆಕ್ಕದ ಪುಸ್ತಕದಲ್ಲಿ ಇಲ್ಲದ ದಾರಿಯಿಂದ ಹೋಗುತ್ತಿದೆ.

ಭಾನುವಾರ ಬೆಳಿಗ್ಗೆ ಕಲ್ಯಾಣದಲ್ಲಿ ಒಬ್ಬ ಹಳೆಯ ವಾಯರ್‌ಮನ್ ಹತ್ತಿರ ಹೋದೆ. ಇಲ್ಲಿ ಕಾರಿನ ಎಲೆಕ್ಟ್ರಿಶಿಯನ್‌ಗೆ ವಾಯರ್‌ಮನ್ ಎನ್ನುತ್ತಾರೆ. ಗ್ಯಾರೇಜು ಅಂತೇನೂ ಇಲ್ಲ, ರಸ್ತೆ ಬದಿ ಒಂದು ಕಬ್ಬಿಣದ ಪೆಟ್ಟಿಗೆ, ಬೆಂಚು, ಒಂದು ಟೆಸ್ಟ್ ಲ್ಯಾಂಪು. ಅರವತ್ತರ ಹತ್ತಿರದವರು, ನನ್ನನ್ನು ‘ತಾಈ’ ಎಂದರು. ಮರಾಠಿಯಲ್ಲಿ ಅಕ್ಕ, ಕನ್ನಡದ ಕಿವಿಗೆ ಪ್ರತಿ ಸಲವೂ ತಾಯಿ. ನಾನು ಬರೆದುಕೊಂಡು ಹೋಗಿದ್ದ ಅಂಕಿಗಳನ್ನು ಓದಿ ಹೇಳಿದೆ. ಬ್ಯಾಟರಿ ಯಾವ ಕಂಪನಿ, ಎಷ್ಟು ಹಳೆಯದು ಎಂದು ಅವರು ಕೇಳಲೇ ಇಲ್ಲ. “ಕೋಣ್ ಖಾತಯ್ ತೇ ಬಘೂಯಾ” ಎಂದರು. ಯಾರು ತಿನ್ನುತ್ತಿದ್ದಾರೆ ನೋಡೋಣ. ಎರಡು ತಿಂಗಳಲ್ಲಿ ಆ ವಾಕ್ಯಕ್ಕೆ ಕರ್ತೃ ಹುಡುಕಿದ ಮೊದಲ ಮನುಷ್ಯ. ನನಗೆ ಅಲ್ಲೇ ಅರ್ಧ ಸಮಾಧಾನವಾಯಿತು.

ಮೊದಲು ಬ್ಯಾಟರಿ ಕೇಬಲ್ ತೆಗೆದು, ಆಲ್ಟರ್ನೇಟರಿನ ದಪ್ಪ ವೈರು ಬಿಚ್ಚಿ ದೂರ ಕಟ್ಟಿ, ಪುನಃ ಮೀಟರು ಹಾಕಿಸಿದರು. ಅದರೊಳಗಿನ ಡಯೋಡು ಕೆಟ್ಟರೆ ಅಲ್ಲಿಂದಲೂ ಕರೆಂಟು ವಾಪಸ್ ಹರಿಯುತ್ತದೆಯಂತೆ, ಗಾಡಿ ಓಡುವಾಗ ಚಾರ್ಜಿಂಗ್ ಸುಮಾರಾಗಿ ಸರಿಯೇ ಕಂಡರೂ. ಅಂಕಿ ಅಲುಗಲಿಲ್ಲ. ಆಮೇಲೆ ಅವರು ಸ್ಟಿಯರಿಂಗ್ ಕೆಳಗೆ ಅಂಗಾತ ಮಲಗಿ ಟಾರ್ಚು ಬಿಟ್ಟು ವೈರುಗಳನ್ನಲ್ಲ, ಟೇಪನ್ನು ನೋಡತೊಡಗಿದರು. ಕಂಪನಿ ಸುತ್ತಿದ ಟೇಪು ಮಂಕಾಗಿರುತ್ತದೆ, ಅಂಗಡಿಯಲ್ಲಿ ಸಿಗುವುದು ಹೊಳೆಯುತ್ತದೆ. ಕೀ ಹಾಕುವ ಜಾಗದ ಹಿಂದೆ, ಬ್ಯಾಟರಿಯಿಂದ ನೇರ ಬರುವ ದಪ್ಪ ವೈರಿನ ಮೇಲೆ ಎರಡಿಂಚು ಹೊಳೆಯುವ ಟೇಪು. ಅದರೊಳಗಿಂದ ಒಂದು ತೆಳ್ಳನೆಯ ಕೆಂಪು ವೈರು ಹೊರಟು ಡ್ಯಾಶ್‌ಬೋರ್ಡಿನ ಹಿಂದೆ ಮರೆಯಾಗಿತ್ತು. ಹಿಡಿದು ಎಳೆದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪೆಟ್ಟಿಗೆ ಬಂತು. ಅದರ ಮೈಮೇಲೆ ಒಂದು ಪುಟ್ಟ ದೀಪ, ಮಿಣುಕ್ ಮಿಣುಕ್.

ಜಿಪಿಎಸ್ ಟ್ರ್ಯಾಕರು. ಬಾಡಿಗೆಗೆ ಓಡಿದ ಗಾಡಿಗಳಲ್ಲಿ, ಮಾಲೀಕರು ಡ್ರೈವರ್ ಮೇಲೆ ಕಣ್ಣಿಡಲು ಹಾಕಿಸಿದ ಗಾಡಿಗಳಲ್ಲಿ ಇದು ಸಿಗುತ್ತದೆ, ಮಾರುವಾಗ ತೆಗೆಯುವುದನ್ನು ಮರೆಯುತ್ತಾರೆ ಎಂದರು ವಾಯರ್‌ಮನ್. ಅವರಿಗೆ ವರ್ಷಕ್ಕೆ ಎರಡು ಮೂರು ಸಿಗುತ್ತವಂತೆ. ವೈರು ಕತ್ತರಿಸಿ, ತುದಿಗೆ ಟೇಪು ಹಾಕಿ, ಆಲ್ಟರ್ನೇಟರು ಜೋಡಿಸಿ, ಸ್ಟೀರಿಯೋದ ಕೆಂಪು ವೈರನ್ನು ಅದರ ಜಾಗಕ್ಕೆ ಸೇರಿಸಿ, ಫ್ಯೂಸೆಲ್ಲ ವಾಪಸ್ ಹಾಕಿ ಅರ್ಧ ಗಂಟೆ ಚಹಾ ಕುಡಿದೆವು. ಮೀಟರು 0.02.

ಬರೀ ಟ್ರ್ಯಾಕರು ಇದ್ದಷ್ಟು ಕಾಲ ಮೂರು ದಿನಕ್ಕೆ 8 ಆಂಪಿಯರ್-ಅವರ್ ಹೋಗುತ್ತಿತ್ತು; ಬ್ಯಾಟರಿ ಸಹಿಸಿಕೊಂಡಿತು. ಏಪ್ರಿಲಿನಲ್ಲಿ ಸ್ಟೀರಿಯೋ ಸೇರಿ ಅದು ಸುಮಾರು ದುಪ್ಪಟ್ಟಾಯಿತು. ಜೂನಿನಲ್ಲಿ ಮಳೆ ಬಂತು. ಮೂರೂ ಕೂಡಿದ ಮೇಲೆಯೇ ಸೋಮವಾರಗಳು ಶುರುವಾದದ್ದು. ಒಂದನ್ನೇ ಹಿಡಿದು ಇದೇ ಕಾರಣ ಎನ್ನುವ ಹಾಗಿರಲಿಲ್ಲ.

ಆ ಪೆಟ್ಟಿಗೆಯ ವಿಷಯ ಮಾತ್ರ ನನ್ನ ತಲೆಯಿಂದ ಬೇಗ ಹೋಗಲಿಲ್ಲ. ಒಳಗಿನ ಸಿಮ್ ತೆಗೆದು ಹಳೆಯ ಫೋನಿಗೆ ಹಾಕಿ ನೋಡಿದೆ. ಸೇವೆ ಇಲ್ಲ ಎಂದು ಬಂತು. ಹಾಗಾದರೆ ನಮ್ಮನ್ನು ಯಾರೂ ನೋಡುತ್ತಿರಲಿಲ್ಲ ಎಂದು ನಿರಾಳವಾಯಿತು. ಆಮೇಲೆ ಅದೇ ವಿಚಿತ್ರ ಅನ್ನಿಸಿತು. ಯಾರಿಗೂ ಮುಟ್ಟದ ಸುದ್ದಿಯನ್ನು ಆ ಪೆಟ್ಟಿಗೆ ಸಾಯದ ಶ್ರದ್ಧೆಯಿಂದ ಬರೆದುಕೊಳ್ಳುತ್ತಿತ್ತು: ಡೊಂಬಿವಲಿ, ಶೀಳ್ ಫಾಟಾ, ಮಹಾಪೆ, ಆಸ್ಪತ್ರೆ, ಮಹಾಪೆ, ಶೀಳ್ ಫಾಟಾ, ಡೊಂಬಿವಲಿ. ಅದಕ್ಕೆ ಬೇಕಾದ ಊಟ ಅಪ್ಪಯ್ಯನ ಸೋಮವಾರದಿಂದ ತೆಗೆದುಕೊಳ್ಳುತ್ತಿತ್ತು. ಮೊದಲಿನ ಮಾಲೀಕರಿಗೆ ಫೋನ್ ಮಾಡಿ ಎರಡು ಮಾತು ಹೇಳಬೇಕೆಂದು ಮಧ್ಯವರ್ತಿಯ ನಂಬರು ಹುಡುಕಿದೆ. ಆಮೇಲೆ ಬಿಟ್ಟೆ. ಅವರಿಗೂ ಅದು ನೆನಪಿರಲಾರದು.

ವಾಯರ್‌ಮನ್ ನಾನೂರು ರೂಪಾಯಿ ತೆಗೆದುಕೊಂಡರು. ಹಳೆಯ ಬ್ಯಾಟರಿಯನ್ನು ಗ್ಯಾರೇಜಿನವರು ಹೊಸದು ಹಾಕುವಾಗಲೇ ಇಟ್ಟುಕೊಂಡಿದ್ದರು. ಅದೂ ಇನ್ನೊಂದು ವರ್ಷ ಬರುತ್ತಿತ್ತೇನೋ. ಮಾರನೆಯ ದಿನ, ಸೋಮವಾರ, ಬೆಳಿಗ್ಗೆ ಐದಕ್ಕೆ ಬಾನೆಟ್ ಎತ್ತಿ ಮೀಟರು ಹಚ್ಚಿದರೆ 12.51. ಅಪ್ಪಯ್ಯ ಆಗಲೇ ಒಳಗೆ ಕೂತು ಬೆಲ್ಟು ಹಾಕಿಕೊಂಡಿದ್ದರು. ಸೆಲ್ಫ್ ಒಂದೇ ಹೊಡೆತಕ್ಕೆ ತೆಗೆದುಕೊಂಡಿತು. ಸ್ಟೀರಿಯೋ ತಾನಾಗಿ ಎದ್ದು, ಭಾನುವಾರ ಕಲ್ಯಾಣದಿಂದ ಬರುವಾಗ ಪದ್ಯದ ನಡುವೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಿತು. ಮೊದಲು ಹಾಗೆ ಆಗುತ್ತಿರಲಿಲ್ಲ, ಜಂಪರ್ ಹಾಕಿದಾಗಲೆಲ್ಲ ಮೊದಲನೆಯ ಹಾಡಿಗೆ ಹೋಗುತ್ತಿತ್ತು.

“ಇದ್ಕ್ ನೆನ್ಪ್ ಇತ್ತ್, ಕಾಣ್” ಎಂದರು ಅಪ್ಪಯ್ಯ.

ಹಳದಿ ವೈರಿನ ಕೆಲಸ ಅದೇ ಎಂದು ವಿವರಿಸಲು ಹೋದೆ. ದನಿ ಸ್ವಲ್ಪ ದೊಡ್ಡದು ಮಾಡು ಎಂದು ಕೈಸನ್ನೆ ಮಾಡಿದರು.